ತಿಮ್ಮೇಗೌಡರ ಮನೆಯ ಬಸ್ಸಾರು

ಅದು 2008ನೇ ಇಸವಿ. ನನ್ನ ಮಗಳು ಸುಮಾ ಚೊಚ್ಚಲ ಬಸುರಿಯಾಗಿ, ಐದನೇ ತಿಂಗಳಿಗೇ ಮೈಸೂರಿನ ಗಂಡನ ಮನೆಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಳು. ವಾಂತಿ ನಿಂತಿರಲಿಲ್ಲ, ಮುಖ ಬಿಳುಚಿಕೊಂಡಿತ್ತು. "ಹೆರಿಗೆ ಆಗೋವರೆಗೂ ಅಮ್ಮನ ಹತ್ರಾನೇ ಇರ್ತೀನಿ" ಎಂದು ಗಂಡನಿಗೆ ಹೇಳಿಯೇ ಬಂದಿದ್ದಳಂತೆ. ಹೆಣ್ಣು ಹೆತ್ತವಳಿಗೆ ಇದಕ್ಕಿಂತ ಇನ್ನೇನು ಬೇಕು? ಮಗಳ ಮೊದಲ ಬಾಣಂತನ ಮಾಡುವುದಕ್ಕೆ ನಾನು ಅವಳ ಮದುವೆಯಾದಾಗಿನಿಂದಲೂ ಕಾದಿದ್ದೆ. ಮಗುವಿಗೆ ಸುತ್ತಲು ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿ ಬೀರುವಿನ ಕೆಳಖಾನೆಯಲ್ಲಿ ಇಟ್ಟೂ ಆಗಿತ್ತು. ನನ್ನ ಯಜಮಾನರು "ಕೂಸು ಹುಟ್ಟುವ ಮುಂಚೆ ಕುಲಾವಿ" ಎಂದು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು ಎಂದು ಸುಮ್ಮನಿದ್ದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತ ಕಮ್ಮಿ ಇದೆ, ಮಾತ್ರೆಯ ಜೊತೆಗೆ ದಿನಾ ಸೊಪ್ಪು ತಿನ್ನಿಸಿ ಎಂದರು. ನಾನು ಆ ಮಾತನ್ನು ವೇದವಾಕ್ಯದಂತೆ ಹಿಡಿದುಕೊಂಡೆ. ಆದರೆ ಎದುರುಮನೆಯ ವಸಂತಾ ಇದ್ದಾಳಲ್ಲ, ಅವಳು ಸುಮ್ಮನಿರಬೇಕಲ್ಲ! ಬೆಳಿಗ್ಗೆ ಪಾರ್ಕಿನಲ್ಲಿ ನಡೆದುಬಂದು ಉಳಿದ ಹೊತ್ತೆಲ್ಲ ಊರಿನವರ ಆರೋಗ್ಯದ ಬಗ್ಗೆ ಪಾಠ ಮಾಡುವವಳು. "ಮಾರ್ಕೆಟ್ ಸೊಪ್ಪು ತಿನ್ನಿಸ್ತೀಯೇನೇ ಬಸುರಿಗೆ? ಬರೀ ವಿಷ ಕಣೇ ಅದು. ಕೆಂಗೇರಿ ಆಚೆ ಒಂದು ತೋಟದ ಅಂಗಡಿ ಇದೆ. ಪ್ಯೂರ್ ಆರ್ಗಾನಿಕ್. ನಾವೆಲ್ಲಾ ಅಲ್ಲಿಂದಾನೇ ತರೋದು" ಎಂದಳು. ಆಗೆಲ್ಲ ಆರ್ಗಾನಿಕ್ ಎಂಬ ಮಾತು ಹೊಸದು. ಅದನ್ನು ಹೇಳುವಾಗಲೇ ಹೇಳುವವರ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು.

ಮುಂದಿನ ಶನಿವಾರವೇ ಯಜಮಾನರ ಸ್ಕೂಟರಿನಲ್ಲಿ ಹೊರಟೆವು. ಕೆಂಗೇರಿ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಗೆ ಸ್ವಲ್ಪ ದೂರ ಹೋದರೆ ತೆಂಗಿನ ಗರಿ ಹೊದಿಸಿದ ಒಂದು ಶೆಡ್ಡು. ಮುಂದೆ 'ರಾಸಾಯನಿಕ ಮುಕ್ತ ತಾಜಾ ತರಕಾರಿ' ಎಂಬ ಬೋರ್ಡು. ದಂಟು, ಪಾಲಕ್, ಸಬ್ಬಸಿಗೆ, ಮೆಂತ್ಯವನ್ನು ಒದ್ದೆ ಗೋಣಿಯ ಮೇಲೆ ಸಾಲಾಗಿ ಜೋಡಿಸಿದ್ದರು. ಎಲೆಗಳೋ, ಒಂದೊಂದೂ ಅಂಗೈ ಅಗಲ, ಕಪ್ಪು ಹಸಿರು. ಅಂಥ ಸೊಪ್ಪನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ತೋಟದ ಯಜಮಾನ ತಿಮ್ಮೇಗೌಡರು ಕೈಮುಗಿದು ಮಾತಾಡಿಸಿದರು. "ದೇವ್ರಾಣೆ ಅಮ್ಮ, ಒಂದ್ ಹಿಡಿ ಯೂರಿಯಾ ಹಾಕಾಕಿಲ್ಲ, ಒಂದ್ ತೊಟ್ಟು ಔಸ್ದಿ ಹೊಡೆಯಾಕಿಲ್ಲ. ಬೇಕಾದ್ರೆ ಯಾರ್ನಾದ್ರೂ ಕೇಳಿ" ಎಂದರು. ಗಾಳಿ ಬೀಸಿದಾಗ ಹಿಂದಿನಿಂದ ಏನೋ ಕೆಟ್ಟ ವಾಸನೆ ಬಂತು. ಯಜಮಾನರು ಮೂಗು ಮುಚ್ಚಿಕೊಂಡರು. ಗೌಡರು ನಗುತ್ತಾ, "ತಿಪ್ಪೆ ಗೊಬ್ಬರ ಸಾರ್. ಸಾವಯವ ಅಂದ್ರೆ ಇದೇಯ" ಎಂದರು. ನಾನು ಯಜಮಾನರನ್ನೇ ಗದರಿದೆ. ವಾಸನೆ ಬಂದದ್ದೇ ಒಳ್ಳೆಯದಾಯಿತು, ಅಸಲಿ ತೋಟ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ ಅಂದುಕೊಂಡೆ.

ಸೊಪ್ಪು ಕಟ್ಟಿ ಕೊಡುತ್ತಿದ್ದವಳು ಅವರ ಹೆಂಡತಿ ಜಯಮ್ಮ. ದುಂಡು ಮುಖದ, ನಗುನಗುತ್ತಾ ಮಾತಾಡುವ ಹೆಂಗಸು. ಯಾರಿಗೆ ಇಷ್ಟೊಂದು ಸೊಪ್ಪು ಎಂದು ಅವಳೇ ಕೇಳಿದಳು. ಬಸುರಿ ಮಗಳಿಗೆ ಎಂದೆ. ಅಂದಿನಿಂದ ಪ್ರತಿ ಶನಿವಾರ ನನ್ನ ಚೀಲ ಕಂಡ ತಕ್ಷಣ "ಮಗಳು ಹೆಂಗವ್ಳೆ ಅಕ್ಕ?" ಎನ್ನುವಳು. ಸಬ್ಬಸಿಗೆ ಕಟ್ಟಿನ ಮೇಲೆ ಒಂದು ಹಿಡಿ ಕೊಸರು ಹಾಕಿ, "ಇದು ನಮ್ ಕೂಸಿಗೆ" ಎನ್ನುವಳು. ನನಗಂತೂ ಅವಳು ಒಡಹುಟ್ಟಿದವಳ ಹಾಗೆ ಆಗಿಬಿಟ್ಟಳು. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಬಂದೆ. ನಮ್ಮ ಬೀದಿಯ ಅರ್ಧ ಜನಕ್ಕೆ ಅವರ ತೋಟದ ದಾರಿ ಹೇಳಿದೆ. ಸುಮಾಗೆ ದಿನಕ್ಕೊಂದು ಸೊಪ್ಪು: ಪಲ್ಯ, ಹುಳಿ, ತಂಬುಳಿ. ಆಗಾಗ್ಗೆ ಅವಳಿಗೆ ಹೊಟ್ಟೆ ಕೆಡುತ್ತಿತ್ತು. ಬಸುರಿನಲ್ಲಿ ಇದೆಲ್ಲ ಸಹಜ ಎಂದು ಓಮದ ಕಷಾಯ ಕುಡಿಸುತ್ತಿದ್ದೆ.

ಏಳು ತುಂಬಿದ ಮೇಲೆ ಒಂದು ಶನಿವಾರ ಜಯಮ್ಮ, "ಅಕ್ಕ, ಮಗಳನ್ನ ಒಂದ್ಸಲ ನಮ್ಮನೆಗೆ ಕರ್ಕೊಂಬನ್ನಿ. ಬಯಕೆ ಊಟ ಹಾಕ್ಬೇಕು ನಾನು. ಏನಿಷ್ಟ ಅಂತ ಕೇಳ್ಕೊಂಡ್ ಬನ್ನಿ" ಎಂದಳು. ನಮ್ಮಲ್ಲಿ ಬಸುರಿಯನ್ನು ನೆಂಟರಿಷ್ಟರು, ನೆರೆಹೊರೆಯವರು ಮನೆಗೆ ಕರೆದು ಅವಳು ಬಯಸಿದ್ದನ್ನು ಮಾಡಿ ಬಡಿಸುವ ಪದ್ಧತಿ ಇದೆಯಲ್ಲ. ಸ್ವಂತ ನಾದಿನಿಯರೇ ಬರೀ ಫೋನಿನಲ್ಲಿ ವಿಚಾರಿಸಿ ಕೈತೊಳೆದುಕೊಂಡಿದ್ದ ಕಾಲದಲ್ಲಿ, ಸೊಪ್ಪು ಮಾರುವ ಹೆಂಗಸು ಕರೆದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಸುಮಾ ರಾಗಿಮುದ್ದೆ, ಬಸ್ಸಾರು ಎಂದಳು.

ಒಂದು ಬುಧವಾರ ಆಟೋ ಮಾಡಿಕೊಂಡು ಮೂವರೂ ಹೋದೆವು. ತೋಟದ ಶೆಡ್ಡಿನಿಂದ ಸ್ವಲ್ಪ ಮೇಲಕ್ಕೆ ಅವರ ಮನೆ. ಜಯಮ್ಮ ಸುಮಾಳನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಬಾಳೆಲೆ ಹಾಕಿದಳು. ಜಯಮ್ಮನ ಅತ್ತೆ, ಹಣ್ಣು ಹಣ್ಣು ಮುದುಕಿ, ಗೋಡೆಗೊರಗಿ ಕೂತು ಸುಮಾಳ ಹೊಟ್ಟೆಯನ್ನೇ ನೋಡುತ್ತಾ "ಗಂಡೇಯ, ಗಂಡು" ಎನ್ನುತ್ತಿದ್ದಳು. ಬಿಸಿ ಮುದ್ದೆ, ತುಪ್ಪ, ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಬಸ್ಸಾರು, ಅದೇ ಸೊಪ್ಪು ಕಾಳಿನ ಪಲ್ಯ. ತಿಂಗಳುಗಟ್ಟಲೆ ಊಟ ಎಂದರೆ ಮುಖ ತಿರುಗಿಸುತ್ತಿದ್ದ ಮಗಳು ಅಂದು ಎರಡನೇ ಸಲ ಸಾರು ಹಾಕಿಸಿಕೊಂಡಳು. ಅದನ್ನು ನೋಡಿ ನನಗೆ ಹೊಟ್ಟೆ ತುಂಬಿತು.

"ಏನ್ ರುಚಿ ಜಯಮ್ಮ! ನಿಮ್ಮ ತೋಟದ ಸೊಪ್ಪಿನ ರುಚೀನೇ ಬೇರೆ ಬಿಡು" ಎಂದೆ.

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಿತು. "ಅಯ್ಯೋ, ತ್ವಾಟದ್ದಲ್ಲ ಕಣವ್ವ! ಬಸುರಿ ಹೆಣ್ಣಿಗೆ ಆ ಸೊಪ್ಪು ಇಕ್ಕಾದುಂಟಾ? ಇದು ಹಿತ್ಲುದು. ಮನೆ ಬೋರ್ ನೀರಾಗೆ ಬೆಳೆದಿದ್ದು. ತ್ವಾಟದ್ದು ಮಾರಾಕೆ. ಅದನ್ನ ನಾವ್ಯಾರೂ ತಿನ್ನಾಕಿಲ್ಲ" ಎಂದಿತು.

"ಸುಮ್ಕಿರಿ ಅತ್ತೆ!" ಎಂದು ಜಯಮ್ಮ ಅಡುಗೆಮನೆ ಬಾಗಿಲಿನಿಂದಲೇ ಕಿರುಚಿದಳು. ಸುಮಾಳ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು.

ನಾನು ಎದ್ದೆ. ಕೈ ಕೂಡ ತೊಳೆಯದೆ ಹಿತ್ತಲ ಬಾಗಿಲಿನಿಂದ ಇಳಿದು ತೋಟದ ಹಿಂದಕ್ಕೆ ಹೋದೆ. ಇಷ್ಟು ದಿನ ಮುಂದಿನ ಶೆಡ್ಡಿನಿಂದಲೇ ಚೀಲ ತುಂಬಿಸಿಕೊಂಡು ಹೋಗುತ್ತಿದ್ದವಳು, ಆ ಕಡೆ ಎಂದೂ ಕಾಲಿಟ್ಟಿರಲಿಲ್ಲ. ಬಿದಿರು ಮೆಳೆಯ ಆಚೆ ಊರ ಕೊಳಚೆ ಹೊತ್ತ ವೃಷಭಾವತಿ ಹೊಳೆ ಹರಿಯುತ್ತಿತ್ತು. ನಾಯಂಡಹಳ್ಳಿ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಸೆರಗು ಮೂಗಿಗೆ ಹಿಡಿಯುತ್ತಾರಲ್ಲ, ಅದೇ ನೀರು. ನೀರು ಅನ್ನುವುದೂ ತಪ್ಪು. ಕಪ್ಪಗೆ, ಮೇಲೆ ಬಿಳಿ ನೊರೆ ಕಟ್ಟಿಕೊಂಡು, ಪ್ಲಾಸ್ಟಿಕ್ ಕವರುಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ದಡದಲ್ಲಿ ಮೋಟಾರು ಓಡುತ್ತಿತ್ತು. ಆ ಕಪ್ಪು ನೀರು ಪೈಪಿನಿಂದ ಕಾಲುವೆಗೆ ಬಿದ್ದು, ಸಬ್ಬಸಿಗೆ ಮಡಿಗಳಿಗೆ ನಿಧಾನವಾಗಿ ನುಗ್ಗುತ್ತಿತ್ತು. ಅಲ್ಲೇ ಗುದ್ದಲಿ ಹಿಡಿದು ನೀರು ತಿರುಗಿಸುತ್ತಿದ್ದರು ತಿಮ್ಮೇಗೌಡರು.

"ಏನ್ರೀ ಇದು?" ಎಂದೆ.

ಅವರು ನನ್ನ ಮುಖ, ಮುಸುರೆ ಕೈ ಎರಡನ್ನೂ ನೋಡಿದರು. "ಯೂರಿಯಾ ಹಾಕಾಕಿಲ್ಲ, ಔಸ್ದಿ ಹೊಡೆಯಾಕಿಲ್ಲ ಅಂದಿದ್ದೆ ಅಮ್ಮ. ಅದ್ರಾಗೆ ಸುಳ್ಳೇನೈತೆ? ಈ ನೀರಿಗೆ ಗೊಬ್ಬರ ಬೇಕಾಗೇ ಇಲ್ಲ" ಎಂದರು.

"ನೀರಿನ ವಿಷಯ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲಮ್ಮ."

ಎಂಥ ಮಾತು ನೋಡಿ! ತಿಪ್ಪೆ ವಾಸನೆ ಎಂದು ಹೇಳಿದ ಅದೇ ಬಾಯಿ. "ಮತ್ತೆ ನೀವ್ಯಾಕೆ ತಿನ್ನಲ್ಲ?" ಎಂದು ಕೇಳಿದೆ. ಅವರು ಗುದ್ದಲಿಯ ಮಣ್ಣು ಕೆರೆಯತೊಡಗಿದರು.

ಅಷ್ಟರಲ್ಲಿ ಜಯಮ್ಮ ಓಡಿ ಬಂದಳು. "ಬಿಸಿನೀರಾಗೆ ತೊಳೆದು ಬೇಯ್ಸಿದ್ರೆ ಏನೂ ಆಗಾಕಿಲ್ಲ ಅಕ್ಕ. ಸುತ್ತಮುತ್ತ ಎಲ್ಲಾರೂ ಇದ್ರಾಗೇ ಬೆಳೆಯಾದು" ಎಂದಳು.

"ಏನೂ ಆಗಲ್ಲ ಅಂದ್ರೆ ಇವತ್ತು ನನ್ನ ಮಗಳಿಗೆ ಹಿತ್ತಲಿಂದು ಯಾಕೆ ಹಾಕ್ದೆ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಸುರಿ ಹೆಂಗ್ಸು ಮನೆಗೆ ಬಂದವ್ಳೆ. ಇಕ್ಕಾಕೆ ಮನ್ಸು ಬರ್ಲಿಲ್ಲ ಅಕ್ಕ."

"ಮಾರೋದಕ್ಕೆ ಮಾತ್ರ ಮನಸ್ಸು ಬಂತಾ?"

ಅವಳು ಅಳತೊಡಗಿದಳು. ನನಗೆ ಕರುಣೆ ಬರಲಿಲ್ಲ. ಒಳಗೆ ಹೋಗಿ ಸುಮಾಳನ್ನು ಎಬ್ಬಿಸಿಕೊಂಡು, ಜಯಮ್ಮ ತಟ್ಟೆಯಲ್ಲಿಟ್ಟಿದ್ದ ಎಲೆ ಅಡಿಕೆಯನ್ನೂ ಮುಟ್ಟದೆ ಹೊರಟುಬಂದೆ.

ಆಟೋದಲ್ಲಿ ಯಜಮಾನರು, "ನಮ್ಮ ಬಸವೇಶ್ವರನಗರದ ಮೋರಿ ಎಲ್ಲಾ ಅಲ್ಲಿಗೇ ತಾನೇ ಹೋಗೋದು. ನಾವು ಬಿಟ್ಟಿದ್ದನ್ನ ನಾವೇ ಸ್ಕೂಟರ್ ಮೇಲೆ ವಾಪಸ್ ತರ್ತಿದ್ವಿ" ಎಂದು ತಮಾಷೆ ಮಾಡಲು ನೋಡಿದರು. ಸುಮಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಮಗೂಗೆ ಏನೂ ಆಗಿರಲ್ಲ ಅಲ್ವಾ ಅಮ್ಮ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು. ಡಾಕ್ಟರಮ್ಮನ ಹತ್ತಿರ ಓಡಿದೆವು. ಅವರು ಏನೇನೋ ಪರೀಕ್ಷೆ ಬರೆದರು, ಬೈದರು, ಕೊನೆಗೆ "ಈಗಲೇ ಏನೂ ಹೇಳೋಕಾಗಲ್ಲ, ಹುಟ್ಟಿದ ಮೇಲೆ ನೋಡೋಣ" ಎಂದರು. ಆ ಒಂದು ಮಾತನ್ನು ಎದೆಯ ಮೇಲೆ ಕಲ್ಲಿನ ಹಾಗೆ ಹೊತ್ತುಕೊಂಡು ಮನೆಗೆ ಬಂದೆವು.

ವಸಂತಾಗೆ ಹೇಳಿದರೆ ಅವಳು, "ಆದ್ರೂ ಕೆಮಿಕಲ್ ಇಲ್ವಲ್ಲ ಸರೋಜಾ" ಎಂದಳು. ಇಂಥವರ ಜೊತೆ ಏನು ಮಾತಾಡುವುದು?

ಅಂದಿನಿಂದ ಸುಮಾ ನನ್ನ ಕೈಯಡುಗೆಯನ್ನು ಅನುಮಾನಿಸಿಯೇ ತಿನ್ನತೊಡಗಿದಳು. ತಟ್ಟೆ ಮುಂದಿಟ್ಟರೆ "ಇದೆಲ್ಲಿಂದು?" ಎಂದು ಕೇಳುವಳು. ಅನ್ನ ಮೊಸರು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಫೋನಿನಲ್ಲಿ ಗಂಡನಿಗೆ ಹೇಳಿ ಅತ್ತಿದ್ದಾಳೆ; ಅವನು ತಾಯಿಗೆ ಹೇಳಿದ್ದಾನೆ. ನಮ್ಮ ಬೀಗಿತ್ತಿ ಫೋನು ಮಾಡಿದರು. ಬಾಯಿ ಸಕ್ಕರೆ. "ನಿಮ್ಮನ್ನೇನೂ ಅನ್ನಲ್ಲ ಸರೋಜಮ್ಮ, ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಹೆರಿಗೆ, ಬಾಣಂತನ ನಮ್ಮಲ್ಲೇ ಆಗ್ಲಿ. ನಮ್ಮ ಮಗನಿಗೂ ಅದೇ ಸಮಾಧಾನ" ಎಂದರು. ಮೋಸ ಮಾಡಿದವರು ಕೆಂಗೇರಿಯಲ್ಲಿ ಸುಖವಾಗಿದ್ದರು, ಶಿಕ್ಷೆ ಬಸವೇಶ್ವರನಗರಕ್ಕೆ ಬಂತು.

ಸುಮಾ ಬೇಡ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ತಲೆ ತಗ್ಗಿಸಿಕೊಂಡು, "ಅಲ್ಲಿಗೇ ಹೋಗ್ತೀನಿ ಅಮ್ಮ" ಎಂದಳು. ಅಳಿಯ ಕಾರು ತಂದ. ನಾನು ಒಗೆದಿಟ್ಟಿದ್ದ ಹತ್ತಿ ಸೀರೆಗಳನ್ನು ಒಂದು ಚೀಲದಲ್ಲಿ ತುಂಬಿ ಕೊಟ್ಟೆ. ಕಾರು ಬೀದಿಯ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದೆ.

ಮೈಸೂರಿನಲ್ಲಿ ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆ ಎಂದು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದು ಸೊಪ್ಪಿನಿಂದಲೋ, ರಕ್ತ ಕಮ್ಮಿ ಇದ್ದದ್ದರಿಂದಲೋ ಯಾವ ಡಾಕ್ಟರೂ ಹೇಳಲಿಲ್ಲ. ದೇವರು ದೊಡ್ಡವನು, ಮಗು ಚೇತರಿಸಿಕೊಂಡಿತು, ಈಗ ಚೆನ್ನಾಗಿದೆ. ಆದರೆ ನಾನು ಹೋದದ್ದು ನೆಂಟರ ಹಾಗೆ. ಬೀಗಿತ್ತಿ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ನಾನು ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ನೋಡಿದೆ. ಹೆತ್ತ ಮಗಳ ಬಾಣಂತನವನ್ನು ಹೀಗೆ ನೋಡುವ ಗತಿ ಶತ್ರುವಿಗೂ ಬೇಡ.

ಅಲ್ಲಿಂದ ವಾಪಸ್ ಬಂದ ಮೇಲೆ ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಜಯಮ್ಮ ನಿಂತಿದ್ದಳು. ವಸಂತಾಳಿಂದ ಹೆರಿಗೆ ಸುದ್ದಿ ತಿಳಿದು ಬಸ್ಸು ಹಿಡಿದು ಬಂದಿದ್ದಳು. ಕೈಯಲ್ಲಿ ಒಂದು ಚೀಲ ತುಂಬ ಎಳೆಯ ಸಬ್ಬಸಿಗೆ. "ಬಾಣಂತಿಗೆ ಹಾಲು ಹೆಚ್ತದೆ ಅಂತ ತಂದೆ ಅಕ್ಕ. ಹಿತ್ಲುದು. ನನ್ ಮಕ್ಕಳಾಣೆಗೂ ಹಿತ್ಲುದೇಯ" ಎಂದಳು.

"ಬಾಣಂತಿ ಇಲ್ಲಿಲ್ಲ" ಎಂದೆ. "ನನ್ನ ಕೈಯೂಟ ಬೇಡ ಅಂತ ಅತ್ತೆ ಮನೆಗೆ ಹೋದಳು."

ಅವಳು ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ಹೋದಳು. ಸುಳ್ಳು ಹೇಳಿರಲಿಲ್ಲ, ಅದು ಹಿತ್ತಲ ಸೊಪ್ಪೇ. ಎಲೆ ಚಿಕ್ಕದು, ಘಮ ಬೇರೆ, ನೋಡಿದರೆ ತಿಳಿಯುತ್ತಿತ್ತು. ಆದರೂ ಒಳಗೆ ತರಲು ಮನಸ್ಸು ಬರಲಿಲ್ಲ. ಸಂಜೆ ಯಜಮಾನರು ಅದನ್ನು ಬೀದಿಯ ಹಸುವಿಗೆ ಹಾಕಿದರು.

ಅವರು ಏನೂ ತಿಳಿಯದ ಜನರಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ತಿಳಿದಿತ್ತಲ್ಲ, ಅದೇ ಸಹಿಸಲು ಆಗುವುದಿಲ್ಲ. ಈಗ ನಮ್ಮ ರಸ್ತೆಯಲ್ಲೇ ಆರ್ಗಾನಿಕ್ ಬೋರ್ಡಿನ ಅಂಗಡಿಗಳು ಬಂದಿವೆ. ನಾನು ಗೊಬ್ಬರದ ಬಗ್ಗೆಯಾಗಲಿ, ಔಷಧಿಯ ಬಗ್ಗೆಯಾಗಲಿ ವಿಚಾರಿಸುವುದಿಲ್ಲ. "ನಿಮ್ಮ ಮನೇಲಿ ಇವತ್ತು ಇದನ್ನೇ ಮಾಡಿದ್ರಾ?" ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಇವಳೊಬ್ಬಳು ತರಲೆ ಎಂಬಂತೆ ನೋಡಿ ಮುಂದಿನ ಗಿರಾಕಿಯನ್ನು ಮಾತಾಡಿಸುತ್ತಾರೆ. ಹೌದು ಎಂದು ನನ್ನ ಮುಖ ನೋಡಿ ಹೇಳಿದವರು ಇದುವರೆಗೂ ಸಿಕ್ಕಿಲ್ಲ.