ಮೂರನೇ ಕೂಗು

ಟೈಲರ್ ಅತ್ತೆಯ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬಾಯಿಯ ಎಡಮೂಲೆಯಿಂದ ಮಾತಾಡುತ್ತಿದ್ದರು, ಬೈಯುತ್ತಿದ್ದರು, ನಗುತ್ತಲೂ ಇದ್ದರು. ಚಿಕ್ಕವಳಿದ್ದಾಗ ಒಂದಾದರೂ ನುಂಗೇ ನುಂಗುತ್ತಾರೆ ಎಂದು ನಾನು ಕಾದು ಕೂತದ್ದುಂಟು. ನುಂಗಲಿಲ್ಲ. ಸೂಜಿಗಳನ್ನು ತೆಗೆದು ಕೈಯಲ್ಲಿ ಹಿಡಿದು ಮಾತಾಡಿದರೆಂದರೆ ವಿಷಯ ದೊಡ್ಡದು ಎಂದು ನಮ್ಮ ಓಣಿಗೆಲ್ಲ ಗೊತ್ತಿತ್ತು.

ನಜರ್‌ಬಾದಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನೆಂಟಸ್ತಿಕೆ ಏನೂ ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪನಿಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ. ಬಸ್ಸಿಗೆ ಹೊರಡುವ ಮುಂಚೆ ನನ್ನನ್ನು ಅತ್ತೆಯ ಮಷೀನಿನ ಪಕ್ಕ ಬಿಟ್ಟು ಹೋಗುತ್ತಿದ್ದ. ಬಟ್ಟೆ ಚೂರುಗಳ ರಾಶಿಯ ಮೇಲೆ ಓದಿದೆ, ಉಂಡೆ, ಮಲಗಿದೆ. ಅತ್ತೆಗೆ ಮಕ್ಕಳಿರಲಿಲ್ಲ. ಗಂಡ ಬಹಳ ಬೇಗ ಹೋಗಿಬಿಟ್ಟಿದ್ದರು. 'ನಿಂಗೆ ಅಮ್ಮ ಇಲ್ಲ, ನಂಗೆ ಮಗಳಿಲ್ಲ, ಜೋಡಿ ಸರಿಯಾಗೇ ಅದೆ ಬುಡು' ಎಂದು ತಲೆಗೆ ಎಣ್ಣೆ ಹಚ್ಚುತ್ತಿದ್ದರು.

ಅಮ್ಮ ಹೋದ ಕೆಲವು ವಾರಕ್ಕೆ, ಒಂದು ಮಧ್ಯಾಹ್ನ, ಹೊರಗಿನಿಂದ ಅಮ್ಮ ನನ್ನ ಹೆಸರು ಹಿಡಿದು ಕೂಗಿದಳು. ನನಗೆ ಕೇಳಿಸಿದ್ದು ನಿಜ, ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಬಾಗಿಲಿಗೆ ಓಡಿದವಳ ಜಡೆ ಹಿಡಿದು ಅತ್ತೆ ನಿಲ್ಲಿಸಿದರು. ಸೂಜಿಗಳು ಆಗಲೇ ಕೈಯಲ್ಲಿದ್ದವು.

'ಎಷ್ಟು ಸಲ ಕೂಗ್ತು?'

'ಒಂದು ಸಲ.'

'ಅಂಗಾದ್ರೆ ಓಗೊಡ್ಬಾರ್ದು ಕಣೇ. ನಮ್ಮೋರು ಯಾರೇ ಬಂದ್ರೂ ಮೂರು ಸಲ ಕೂಗ್ತಾರೆ. ಒಂದೇ ಸಲ ಕೂಗೋದು ಮಾರಿ. ನಿಮ್ಮಮ್ಮ ಆಗಿದ್ರೆ ಮೂರು ಸಲ ಕರೀತಿದ್ಲು, ಅಲ್ವಾ?'

ನಾನು ಕಾದೆ. ಎರಡನೇ ಕೂಗು ಬರಲಿಲ್ಲ. ಆಗ ಅತ್ತೆ ನನ್ನನ್ನು ಮಡಿಲಿಗೆ ಎಳೆದುಕೊಂಡು, ನಾನು ಅತ್ತು ಮುಗಿಸುವ ತನಕ ಮಷೀನು ಮುಟ್ಟದೆ ಕೂತಿದ್ದರು. ಸತ್ತವರನ್ನು ಸತ್ತರು ಎಂದು ನಂಬುವುದನ್ನು ನಾನು ಕಲಿತದ್ದು ಅವತ್ತು, ಅವರಿಂದ.

ಈ ಮೂರು ಕೂಗಿನ ಲೆಕ್ಕವನ್ನು ಅತ್ತೆಗೆ ಕಲಿಸಿದ್ದು ಅವರ ತಾಯಿ. ಅದನ್ನು ಅವರ ಜೊತೆ ಕಲಿತದ್ದು ಒಬ್ಬಳೇ ಅಕ್ಕ. ಅಕ್ಕ ಇದ್ದದ್ದು ಇದೇ ಊರಲ್ಲಿ, ವಿಜಯನಗರದಲ್ಲಿ. ಆದರೂ ವರ್ಷಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ. ಕಾರಣ ಒಂದು ರವಿಕೆ. ಅಕ್ಕನ ಮಗಳ ಮದುವೆಗೆ ಅತ್ತೆ ಬೇರೆ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಧಾರೆಯ ರವಿಕೆ ಹೊಲಿದಿದ್ದರು. ಮದುವೆಯ ಹಿಂದಿನ ದಿನ ಅದು ಮಡಿಕೆ ಬಿಚ್ಚದೆ ವಾಪಸು ಬಂತು. ಧಾರೆಗೆ ಮುತ್ತೈದೆ ಹೊಲಿದದ್ದೇ ಆಗಬೇಕು, ಬೀಗರ ಕಡೆಯವರು ಏನಾದರೂ ಅಂದಾರು ಎಂದು ಅಕ್ಕ ಹೇಳಿ ಕಳಿಸಿದ್ದರು. ಅತ್ತೆ ಕೂತು ಆ ರವಿಕೆಯ ಒಂದೊಂದೇ ಹೊಲಿಗೆ ಬಿಚ್ಚಿದರು. ನಾನು ಎದುರಿಗೇ ಇದ್ದೆ. ಅವರು ಅಳಲಿಲ್ಲ.

'ನೀವೇ ಒಂದ್ಸಲ ಹೋಗಿ ಬನ್ನಿ ಅತ್ತೆ' ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದೆ. ಸೂಜಿಗಳು ಕೈಗೆ ಬರುತ್ತಿದ್ದವು. 'ನಾನಾಗಿ ಹೋಗಲ್ಲ. ವಾಪಸ್ ಕಳ್ಸಿದ್ದು ಅವಳು. ಅವಳೇ ಬಂದು ನನ್ನ ಬಾಗ್ಲಲ್ಲಿ ನಿಂತು ಕರೀಬೇಕು. ಕರದ್ರೆ ಎಲ್ಲಾ ಮರ್ತ್‌ಬುಡ್ತೀನಿ, ಒಂದು ಮಾತೂ ಆಡಲ್ಲ.'

ಅದಕ್ಕೇ ಇರಬೇಕು, ಆ ಮನೆಯ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು. ಒಂದು ಹೂವಿನ ಪರದೆ ಅಷ್ಟೆ. ಗಿರಾಕಿಗಳು ಪರದೆ ಸರಿಸಿ ನುಗ್ಗುತ್ತಿದ್ದರು.

ಆಮೇಲೆ ಶುಗರ್ ಬಂತು. ಕಾಲ್ಬೆರಳಲ್ಲಿ ಶುರುವಾದ ಹುಣ್ಣು ಮೇಲೇರಿದ್ದಕ್ಕೆ, ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮಷೀನಿಗೆ ಮೋಟರ್ ಹಾಕಿಸಿ, ಬಲಗಾಲಲ್ಲಿ ಒತ್ತುತ್ತ ಅತ್ತೆ ಮತ್ತೆ ಹೊಲಿಯಲು ಕೂತರು. 'ಒಂದು ಕಾಲಿನ ಚಪ್ಪಲಿ ಉಳೀತು' ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಒಂದು ದಿನ ಅವರು ಬಚ್ಚಲಲ್ಲಿದ್ದಾಗ ಯಾರೋ ಪರದೆ ಸರಿಸಿ ಬಂದು ಫೋನನ್ನೂ ಗಿರಾಕಿಯೊಬ್ಬರ ರೇಷ್ಮೆ ಸೀರೆಯನ್ನೂ ಎತ್ತಿಕೊಂಡು ಹೋದರು. ಓಡಿ ಹಿಡಿಯಲು ಕಾಲಿಲ್ಲ. ಅವತ್ತಿನಿಂದ ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲಿಗೆ ಉಪಾಯ ಹುಡುಕಿದ್ದು ನಾನು. ನಾನೂ ಈಗ ಹೆಬ್ಬಾಳಕ್ಕೇ ಹೋಗುವವಳು, ಅಪ್ಪನ ಫ್ಯಾಕ್ಟರಿಗಲ್ಲ, ಆಚೆಯ ಕಂಪನಿಗೆ. ಕ್ಯಾಮೆರಾ ಇರುವ ಬೆಲ್ಲು ತಂದೆ. ಕೂತಲ್ಲೇ ಗುಂಡಿ ಒತ್ತಿದರೆ ತೆರೆಯುವ ಬೀಗ ಹಾಕಿಸಿದೆ. ಬೆಲ್ ಒತ್ತಿದ್ದು ಒಳಗೆ ಮಷೀನಿನ ಸದ್ದಿನಲ್ಲೂ ಕೇಳಬೇಕಲ್ಲ, ಅದಕ್ಕೆಂದು ನಾವು ಹೇಳಿದ ಮಾತು ಕೇಳುವ ಸ್ಪೀಕರ್ ಡಬ್ಬಿಗಳನ್ನು ತಂದು ಮಷೀನಿನ ಪಕ್ಕ ಒಂದು, ಅಡುಗೆಮನೆಯಲ್ಲಿ ಒಂದು ಇಟ್ಟೆ. ಬೆಲ್ಲಿನ ಕಂಪನಿ ಬೇರೆ, ಡಬ್ಬಿಯ ಕಂಪನಿ ಬೇರೆ. ಎರಡಕ್ಕೂ ನೆಂಟಸ್ತಿಕೆ ಕುದುರಿಸಲು ಒಂದು ಇಡೀ ಭಾನುವಾರ ಹಿಡಿಯಿತು. ಮೊದಲು ಬೆಲ್ಲು ವೈಫೈಗೆ ಒಲಿಯಲಿಲ್ಲ, ಒಲಿದ ಮೇಲೆ ಡಬ್ಬಿ ಅದನ್ನು ಗುರುತಿಸಲಿಲ್ಲ. ಬೆಲ್ಲಿನ ಆ್ಯಪ್ ಬಿಚ್ಚಿ, ಡಬ್ಬಿಯ ಆ್ಯಪ್ ಬಿಚ್ಚಿ, ಇದರ ಪಾಸ್‌ವರ್ಡು ಅದಕ್ಕೆ ಕೊಟ್ಟು ಒಪ್ಪಿಸಿದೆ.

'ಅಕ್ಕತಂಗೀರ ಜಗಳ ಬಿಡಿಸಿದಂಗಾಯ್ತು ನಿನ್ನ ಕತೆ' ಎಂದರು ಅತ್ತೆ. ಅಂದ ಮೇಲೆ ಸೂಜಿಗಳನ್ನು ಬಾಯಿಂದ ತೆಗೆದರು. ಆಮೇಲೆ ಅವರೇ ಹೇಳಿದರು, 'ಇರ್ಲಿ, ಒಳ್ಳೇದೇ ಆಯ್ತು. ಅವಳು ಬಂದ್ರೂ ಗೊತ್ತಾಗುತ್ತಲ್ಲ.'

ಬಾಗಿಲಿಗೆ ಏನಾದರೂ ಹೆಸರಿಡು ಎಂದು ಆ್ಯಪ್ ಕೇಳಿತು. 'ಬಾಗಿಲು' ಎಂದೇ ಇಟ್ಟೆ. ಬೆಲ್ ಒತ್ತಿದರೆ ಎರಡೂ ಡಬ್ಬಿಗಳು 'ಸಮ್‌ವನ್ ಈಸ್ ಅಟ್ ಬಾಗಿಲು' ಎಂದು ಸಾರುತ್ತಿದ್ದವು. ಅತ್ತೆ ಅದನ್ನು 'ಡಬ್ಬಿ ಹುಡುಗಿ' ಎನ್ನುತ್ತಿದ್ದರು. ಒಂದೇ ಸಲ ಸಾರಿದರೆ ಹೇಗೆ ಓಗೊಡುತ್ತೀರಿ ಎಂದು ರೇಗಿಸಿದೆ. 'ಅವಳೇನು ನನ್ ಹೆಸರು ಹಿಡ್ದು ಕೂಗ್ತಾಳಾ? ಯಾರೋ ಅವ್ರೆ ಅಂತಾಳೆ ಅಷ್ಟೆ. ಹೆಸರು ಹಿಡ್ದು ಕರೆದ್ರೆ ಮಾತ್ರ ಲೆಕ್ಕ' ಎಂದರು.

ಡಬ್ಬಿ ಹುಡುಗಿಗೆ ಎರಡು ಸ್ವಿಚ್ಚುಗಳಿದ್ದವು. ಬೆಲ್ ಒತ್ತಿದಾಗ ಹೇಳು ಎನ್ನುವುದು ಒಂದು, ಬಾಗಿಲ ಮುಂದೆ ಯಾರಾದರೂ ಸುಳಿದರೆ ಹೇಳು ಎನ್ನುವುದು ಇನ್ನೊಂದು. ಎರಡನ್ನೂ ಹಾಕಿದ್ದೆ. ನಮ್ಮ ಓಣಿಯಲ್ಲಿ ಸುಳಿಯದವರು ಯಾರು? ಸೊಪ್ಪಿನವಳು, ಹಸು, ಕ್ರಿಕೆಟ್ ಚೆಂಡು. ಎರಡು ದಿನಕ್ಕೆ ಅತ್ತೆಯ ತಲೆ ಕೆಟ್ಟಿತು. 'ನಾಯಿ ಬಂದ್ರೂ ಸಾರ್ತಾಳೆ ಕಣೇ ಇವ್ಳು. ರವಿಕೆ ತೋಳು ಕತ್ತರಿಸೋವಾಗ ಬೆಚ್ಚಿಬಿದ್ದು ಕತ್ತರಿ ಎಲ್ಲೆಲ್ಲೋ ಹೋಯ್ತು. ಅದೊಂದು ಬಾಯಿ ಮುಚ್ಚಿಸು ಮಾರಾಯ್ತಿ.' ಸುಳಿದರೆ ಹೇಳುವ ಸ್ವಿಚ್ಚನ್ನು ತೆಗೆದೆ. ನಿಜಕ್ಕೂ ನೆಮ್ಮದಿಯಾಯಿತು.

ಒಂದು ವಿಷಯ ಗಮನಿಸುತ್ತಿದ್ದೆ. ಡಬ್ಬಿ ಸಾರಿದ ಕೂಡಲೇ ಅತ್ತೆ ಬಾಯಿಂದ ಸೂಜಿಗಳನ್ನು ತೆಗೆದು ಹಿಡಿದುಕೊಳ್ಳುತ್ತಿದ್ದರು. ಬಾಗಿಲು ತೆರೆದು ಬಂದದ್ದು ಗಿರಾಕಿ ಎಂದು ಕಂಡ ಮೇಲೆ ಮತ್ತೆ ಕಚ್ಚಿಕೊಳ್ಳುತ್ತಿದ್ದರು. ಪ್ರತಿ ಸಲವೂ ಹಾಗೇ.

ಮದುವೆ ಕಾಲ ಮುಗಿಯುವ ಹೊತ್ತಿಗೆ ಬಲಗಾಲೂ ಕಪ್ಪಾಯಿತು. ಹೇಳದೆ ಮುಚ್ಚಿಟ್ಟುಕೊಂಡು ಮೋಟರ್ ಒತ್ತುತ್ತಲೇ ಇದ್ದರು. ನನಗೆ ವಾಸನೆ ಬಂದು ಗೊತ್ತಾಯಿತು. ಆಸ್ಪತ್ರೆಗೆ ಸೇರಿಸುವಾಗಲೇ ನಂಜು ರಕ್ತಕ್ಕೆ ಏರಿದೆ ಎಂದರು ಡಾಕ್ಟರು. ಮುಖ ನೋಡಿ ಹೇಳಲಿಲ್ಲ. ನನಗೆ ಅರ್ಥವಾಯಿತು.

ವಾರ್ಡಿನ ಹೊರಗೆ ಕೂತಿದ್ದಾಗ ಫೋನು ಕಿಣಿಗುಟ್ಟಿತು. ಯಾರೋ ಗಿರಾಕಿ ರವಿಕೆಗೆಂದು ಬಂದು ಬೆಲ್ ಒತ್ತುತ್ತಿದ್ದರು. ಅವರಿಗೆ ಫೋನಿನಿಂದಲೇ ವಿಷಯ ಹೇಳಿದೆ. ಹಾಗೇ ಬೆಲ್ಲಿನ ಆ್ಯಪಿನಲ್ಲಿ ಬೆರಳಾಡಿಸುತ್ತ ಹಿಂದಿನ ದಿನಗಳಿಗೆ ಹೋದೆ. ಡಬ್ಬಿ ಸಾರದಿದ್ದರೂ ಬಾಗಿಲ ಮುಂದೆ ಸುಳಿದದ್ದನ್ನೆಲ್ಲ ಆ ಬೆಲ್ಲು ತುಣುಕು ತುಣುಕಾಗಿ ಹಿಡಿದಿಟ್ಟಿತ್ತು. ಹಸು, ಮಕ್ಕಳು, ನಾಯಿ. ಅವುಗಳ ನಡುವೆ, ಮೂರು ವಾರದ ಹಿಂದಿನ ಒಂದು ಮಧ್ಯಾಹ್ನದಲ್ಲಿ, ಅತ್ತೆಯ ಮೂಗು, ಅತ್ತೆಯ ಗಲ್ಲ ಇದ್ದ ಒಬ್ಬ ಹೆಂಗಸು.

ಕಂಕುಳಲ್ಲಿ ಬಟ್ಟೆಯ ಚೀಲ. ಸೆರಗು ಸರಿ ಮಾಡಿಕೊಂಡರು. ಬೆಲ್ಲಿನ ಕಡೆ ನೋಡಲೇ ಇಲ್ಲ. ಮುಚ್ಚಿದ ಬಾಗಿಲಿಗೆ ಮುಖ ಹತ್ತಿರ ತಂದು ತಂಗಿಯ ಹೆಸರು ಹಿಡಿದು ಕೂಗಿದರು, 'ಪುಟ್ಟೀ.' ಒಳಗಿನಿಂದ ಮಷೀನಿನ ಗುರುಗುರು ಬರುತ್ತಿತ್ತು. ತುಸು ತಡೆದು, 'ಪುಟ್ಟೀ.' ಮಷೀನು ಓಡುತ್ತಲೇ ಇತ್ತು. ಮೂರನೆಯದು ಜೋರಾಗಿತ್ತು, ಕೊನೆಯಲ್ಲಿ ಒಡೆಯಿತು. ಆಮೇಲೆ ನಿಂತರು. ಮಷೀನು ನಿಲ್ಲಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಅತ್ತೆಗೆ ಅದನ್ನು ತೋರಿಸಬೇಕೋ ಬೇಡವೋ ಎಂದು ಒದ್ದಾಡಿದೆ. ಸಾಯುವವರಿಗೆ ಇಂಥದ್ದನ್ನು ಕೇಳಿಸುವುದು ಕರುಣೆಯೋ ಕ್ರೌರ್ಯವೋ ನನಗೆ ಈಗಲೂ ತಿಳಿಯದು. ಒಳಗೆ ಹೋದೆ. ಜ್ವರದಲ್ಲಿ ಕಣ್ಣು ಮುಚ್ಚಿದ್ದರು. ಸೂಜಿಯಿಲ್ಲದ ಬಾಯಿ ಯಾರದೋ ಬಾಯಿಯಂತೆ ಕಂಡಿತು. ಕಿವಿಯ ಪಕ್ಕ ಫೋನಿಟ್ಟು ಆ ತುಣುಕು ಹಾಕಿದೆ.

ಮೊದಲ ಕೂಗಿಗೆ ರೆಪ್ಪೆ ಅದುರಿತು. ಎರಡನೆಯದಕ್ಕೆ ಹಾಸಿಗೆಯ ಬಟ್ಟೆಯನ್ನು ಬೆರಳುಗಳಿಂದ ಹಿಡಿದರು. ಓಗೊಡಲಿಲ್ಲ. ಕಾದರು. ಮೂರನೆಯದು ಕೇಳಿದ್ದೇ ತಡ, ನಾನು ಎಂದೂ ಕೇಳದ ಒಂದು ಹುಡುಗಿಯ ದನಿಯಲ್ಲಿ, 'ಓ... ಬಂದೇ ಕಣಕ್ಕಾ' ಎಂದರು.

ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ತಡಕಿದರು. 'ಬಾಗ್ಲು ತೆಗಿಯೇ.'

'ತೆಗೀತೀನಿ ಅತ್ತೆ' ಎಂದೆ.

ಅತ್ತೆಯ ಹೊಸ ಫೋನಿನಲ್ಲಿ 'ಅಕ್ಕ' ಎಂದು ಒಂದು ನಂಬರಿತ್ತು. ಅದಕ್ಕೆ ಒಂದು ಸಲವೂ ಕರೆ ಹೋಗಿರಲಿಲ್ಲ. ಅವತ್ತು ಸಂಜೆ ನಾನು ಮಾಡಿದೆ. ಯಾರೆಂದು ಹೇಳಿ, ಸ್ಥಿತಿ ಕಷ್ಟವಿದೆ, ಬನ್ನಿ ಎಂದೆ.

'ನಾನು ಬಾಗ್ಲಿಗೆ ಬಂದು ಕರೆದಾಗ ಮಷೀನು ನಿಲ್ಸಲಿಲ್ಲ ಅವ್ಳು' ಎಂದರು ಅಕ್ಕ. 'ಈಗ್ಯಾಕಂತೆ?'

'ಅವ್ರಿಗೆ ಕೇಳಿಸ್ಲಿಲ್ಲ ಅಮ್ಮಾ.'

'ಹೊರಗಿರೋ ನಂಗೆ ಮಷೀನು ಕೇಳಿಸ್ತು, ಒಳಗಿರೋ ಅವ್ಳಿಗೆ ನಾನು ಕೇಳಿಸ್ಲಿಲ್ವಾ?' ಯಾವ ಆಸ್ಪತ್ರೆ ಎಂದು ಕೇಳಿಕೊಂಡರು. ಆಮೇಲೆ, 'ಬೆಳಿಗ್ಗೆ ಬರ್ತೀನಿ' ಎಂದರು.

ಬೆಳಿಗ್ಗೆ ಅವರು ಬರುವಷ್ಟರಲ್ಲಿ ಅತ್ತೆಯ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಎಲ್ಲ ಮುಗಿದು ಮನೆಗೆ ಬಂದಾಗ ಅಕ್ಕ ಹೊಸಿಲು ದಾಟಲಿಲ್ಲ. ಹೊರಗೇ ನಿಂತು ಬೆಲ್ಲನ್ನು ನೋಡಿದರು. 'ಇದು ಬೆಲ್ಲಾ? ಏನೋ ಬೀಗ ಅನ್ಕೊಂಡಿದ್ದೆ' ಎಂದರು. 'ಬೆಲ್ಲು ಅಂತ ಗೊತ್ತಿದ್ರೂ ಒತ್ತುತಿರ್ಲಿಲ್ಲ ಬುಡಮ್ಮ. ಬೆಲ್ ಒತ್ತೋಕೆ ನಾನೇನು ಹೊರಗಿನೋಳಾ?'

ಇನ್ನೊಂದು ಸಲ ಕೂಗಬಾರದಿತ್ತೇ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

'ನಮ್ಮವ್ವ ಮೂರೇ ಅಂತ ಹೇಳ್ಕೊಟ್ಟಿದ್ಲು. ಮೂರಕ್ಕೂ ಓಗೊಡ್ಲಿಲ್ಲ ಅಂದ್ರೆ ಆ ಮನೇಲಿ ನಾವು ಬೇಡ ಅಂತ. ಮೊಮ್ಮಗಳಿಗೆ ಲಂಗದ ರೇಷ್ಮೆ ತಂದಿದ್ದೆ, ಇವಳ ಕೈಲೇ ಹೊಲಿಸ್ಬೇಕು ಅಂತ.'

ಆಗ ನಾನು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದೆ. ಅತ್ತೆ 'ಓ' ಎಂದದ್ದನ್ನೂ, ಬಾಗಿಲು ತೆಗಿ ಎಂದದ್ದನ್ನೂ ಹೇಳಿದೆ. ಅಕ್ಕ ನನ್ನ ರಟ್ಟೆ ಹಿಡಿದರು. ಹಿಡಿತ ಅತ್ತೆಯದೇ.

'ಎಷ್ಟನೇ ಕೂಗಿಗೆ ಅಂದ್ಲು?'

'ಮೂರನೇದಕ್ಕೆ.'

ಅಕ್ಕ ಆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂತು, ಓಣಿಯವರೆಲ್ಲ ನೋಡುತ್ತಿದ್ದಂತೆ, ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತರು. ನಾನು ಬಿಡಿಸಲು ಹೋಗಲಿಲ್ಲ. ನಾನು ಅಳುತ್ತಿದ್ದಾಗ ಅತ್ತೆ ಕೂತಂತೆ, ಸುಮ್ಮನೆ ಪಕ್ಕದಲ್ಲಿ ಕೂತೆ.

ಆ ಬೆಲ್ಲು ಈಗ ನಮ್ಮ ಬಾಗಿಲಲ್ಲಿದೆ, ಡಬ್ಬಿಗಳು ನಮ್ಮ ಮನೆಯಲ್ಲಿವೆ. ಸುಳಿದರೆ ಹೇಳುವ ಸ್ವಿಚ್ಚನ್ನು ಹಾಕಿಯೇ ಇಟ್ಟಿದ್ದೇನೆ. ದಿನವಿಡೀ ಸಾರುತ್ತದೆ, ಅಪ್ಪ ಬೈಯುತ್ತಾನೆ. ಬೈಯಲಿ. ಪ್ರತಿ ಸಲವೂ ನಾನು ಎದ್ದು ಹೋಗಿ ಬಾಗಿಲು ತೆರೆದು ನೋಡುತ್ತೇನೆ. ಹೆಚ್ಚಾಗಿ ನಾಯಿ ಇರುತ್ತದೆ.