ಸೆಕೆಯ ಊರಿಗೆ ಕಂಬಳಿ

ಟಿ.ವಿ.ಯಲ್ಲಿ ಪರರ ಸಂಕಟವನ್ನು ನೋಡುವಾಗ ಕೈಯಲ್ಲಿ ಬಿಸಿ ಕಾಫಿಯ ಲೋಟ ಇರಬಾರದು. ಇದ್ದರೆ ಕುಡಿಯುವುದೋ ಕೆಳಗಿಡುವುದೋ ತಿಳಿಯದೆ ಮನುಷ್ಯ ಪೇಚಿಗೆ ಸಿಕ್ಕುತ್ತಾನೆ. ನಾನಂತೂ ಮೊನ್ನೆ ಬ್ರಹ್ಮಪುತ್ರದ ನೆರೆಯಲ್ಲಿ ಮನೆಗಳು ಮುಳುಗುವುದನ್ನು ನೋಡುತ್ತಲೇ ಕಾಫಿಯನ್ನು ಕುಡಿದು ಮುಗಿಸಿ, ಆಮೇಲೆ ಖಾಲಿ ಲೋಟ ಹಿಡಿದು ಸಂಕೋಚಪಟ್ಟೆ. ನಿವೃತ್ತ ಮೇಷ್ಟ್ರ ಕರುಣೆ ಸ್ವಲ್ಪ ತಡವಾಗಿಯೇ ಬರುತ್ತದೆ, ನೀವು ಕ್ಷಮಿಸಬೇಕು.

ನೋಡುತ್ತಿದ್ದವನು ನಾನೊಬ್ಬನೇ ಅಲ್ಲ. ಮಡಿಕೇರಿ ಬಳಿಯ ಗಾಳಿಬೀಡಿನ ನಮ್ಮ ಪುಟ್ಟ ತೋಟದ ಆಳುಗಳ ಲೈನುಮನೆಯಲ್ಲಿ ಗಂಡನೊಂದಿಗೆ ಇರುವ ಅಸ್ಸಾಮಿನ ಮಿನತಿ ಬಾಗಿಲ ಬಳಿ ಕುಳಿತು, ಪರದೆಯ ಮೇಲೆ ಕಂಡ ಪ್ರತಿಯೊಬ್ಬ ಮುದುಕಿಯನ್ನೂ ಮುಂದೆ ಬಾಗಿ ದಿಟ್ಟಿಸುತ್ತಿದ್ದಳು. ಆ ನೀರಿನ ನಡುವೆ ಎಲ್ಲೋ ಅವಳ ತಾಯಿ ಇದ್ದಾಳೆ; ತಾಯಿಯ ಬಳಿ ಬಿಟ್ಟು ಬಂದ ಪುಟ್ಟ ಮಗಳೂ ಇದ್ದಾಳೆ. ಹಿಂದಿನ ದಿನದಿಂದ ಫೋನು ಹೋಗುತ್ತಿರಲಿಲ್ಲ. ಮುಖವೊಂದು ಸ್ಪಷ್ಟವಾಗುವಷ್ಟರಲ್ಲಿ ಸೋಪಿನ ಜಾಹೀರಾತು ಬಂದಾಗ, ಜನ್ಮದಲ್ಲಿ ಮೊದಲ ಬಾರಿಗೆ ನನಗೆ ಸೋಪಿನ ಮೇಲೆ ಸಿಟ್ಟು ಬಂತು.

ನನ್ನ ಹೆಂಡತಿ ಜಯಂತಿ ನೋಡುತ್ತ ಕೂರುವ ಪೈಕಿಯಲ್ಲ. ಮಡಿಕೇರಿಯಲ್ಲಿ ಕೆಲವು ಉತ್ಸಾಹಿಗಳು ಸಂತ್ರಸ್ತರಿಗಾಗಿ ಬಟ್ಟೆ ಸಂಗ್ರಹಿಸುತ್ತಿದ್ದಾರೆಂದು ತಿಳಿದದ್ದೇ ತಡ, ಬೀರುವಿನಿಂದ ಸ್ವೆಟರು, ಮಫ್ಲರು, ಎರಡು ಕಂಬಳಿ, ಕೊನೆಗೆ ನನ್ನ ಪ್ರಾಣಪ್ರಿಯ ಮಂಕಿಕ್ಯಾಪನ್ನೂ ತೆಗೆದು ಗಂಟು ಕಟ್ಟಿದಳು. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಒಣಗಿಸಿಕೊಳ್ಳುವ ನಮಗೆ, ನೆನೆದವರೆಂದರೆ ನಡುಗುವವರೇ. ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದ ನನಗೂ ಬೇರೇನೂ ಹೊಳೆಯಲಿಲ್ಲ.

ಮಿನತಿ ಗಂಟನ್ನು ಮುಟ್ಟಿ ನೋಡಿ ಮೆಲ್ಲಗೆ ಹೇಳಿದಳು: “ಅಕ್ಕಾ, ಅಲ್ಲಿ ಚಳಿ ಇಲ್ಲ. ತುಂಬ ಸೆಕೆ. ನೀರಲ್ಲಿ ನಿಂತ್ರೂ ಬೆವರು.”

“ಅಯ್ಯೋ, ನೆರೆ ಬಂದ್ರೂ ಸೆಕೆಯಾ! ಎಂಥ ಊರು ಮಾರಾಯ್ತಿ ನಿಂದು?” ಎಂದು ಜಯಂತಿ ಉದ್ಗರಿಸಿದಾಗ, ಅಷ್ಟು ಹೊತ್ತು ಬಿಗಿದುಕೊಂಡಿದ್ದ ಆ ಹುಡುಗಿ ಒಂದು ಕ್ಷಣ ನಕ್ಕಳು.

ನನಗೆ ನಮ್ಮ ಗುಡ್ಡ ಜರಿದ ವರ್ಷ ನೆನಪಾಯಿತು. ಶಾಲೆಯೊಂದರ ಪರಿಹಾರ ಕೇಂದ್ರದಲ್ಲಿ ಗಡಗಡ ನಡುಗುತ್ತಿದ್ದ ನಮಗೆ, ಬಯಲುಸೀಮೆಯ ಅಪರಿಚಿತರು ಲಾರಿ ತುಂಬ ತೆಳ್ಳನೆಯ ಪಂಚೆಗಳನ್ನೂ ಕಟಕ್ ಎನ್ನುವ ಜೋಳದ ರೊಟ್ಟಿಗಳನ್ನೂ, ನಂಬಿದರೆ ನಂಬಿ, ಕೆಲವು ಬೀಸಣಿಗೆಗಳನ್ನೂ ಕಳಿಸಿದ್ದರು. ಆ ಮಳೆಯಲ್ಲಿ ಬೀಸಣಿಗೆ ಹಿಡಿದು ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಕಡುಬಿಗೆ ಒಗ್ಗಿದ ನನ್ನ ಹಲ್ಲು ರೊಟ್ಟಿಯೊಂದಿಗೆ ಸೆಣಸುತ್ತಿದ್ದಾಗ, ಮುಖ ಕಾಣದ ಯಾರೋ ಒಬ್ಬ ತಾಯಿ ತನ್ನ ಒಲೆಯ ಮುಂದೆ ಬೆವರುತ್ತ ಇದನ್ನು ನನಗೆಂದೇ ತಟ್ಟಿದ್ದಾಳೆ ಎನಿಸಿ ಒಂದು ಚೂರೂ ಬಿಡದೆ ತಿಂದಿದ್ದೆ. ಅವಳು ನನ್ನ ಹಸಿವನ್ನು ತನ್ನ ಹಸಿವಿನಂತೆಯೇ ಊಹಿಸಿಕೊಂಡಿದ್ದಳು. ಊಹಿಸಿಕೊಂಡಿದ್ದಳಲ್ಲ, ಅದೇ ದೊಡ್ಡದು. ಅವಳಿಗೆ ಕೃತಜ್ಞತೆ ಹೇಳೋಣವೆಂದರೆ ಇಂದಿಗೂ ವಿಳಾಸ ಗೊತ್ತಿಲ್ಲ.

ಗಂಟು ಬಿಚ್ಚಿದೆವು. ನೂಲಿನ ಸೀರೆ, ಲುಂಗಿ, ಟವೆಲುಗಳನ್ನು ಈ ಬಾರಿ ಮಿನತಿಯೇ ಆರಿಸಿ ಮಡಚುತ್ತಿದ್ದಳು. ಆಗ ಅವಳ ಫೋನು ಹೊಡೆದುಕೊಂಡಿತು. ಅತ್ತ ಕಡೆಯ ದನಿ ಕೇಳಿದ್ದೇ ಅವಳು ನೆಲಕ್ಕೆ ಕುಸಿದು ಜೋರಾಗಿ ಅತ್ತಳು; ನಮ್ಮಿಬ್ಬರ ಜೀವ ಬಾಯಿಗೆ ಬಂತು.

“ಅಮ್ಮ... ಹೊಳೆಯ ಏರಿ ಮೇಲೆ ಇದ್ದಾರೆ. ಮಗಳೂ ಇದ್ದಾಳೆ. ಯಾರದೋ ಫೋನು.”

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮಂಜು ಹಿಡಿದಿತ್ತೆಂದು ಸುಳ್ಳು ಹೇಳುವುದಿಲ್ಲ. ಮತ್ತಷ್ಟು ಮಾತಾಡಿದ ಮಿನತಿ ನಮ್ಮತ್ತ ತಿರುಗಿದಳು: “ಸಾರ್, ಕೂರ್ಗಲ್ಲಿ ಜೋರು ಮಳೆ ಅಂತ ಅಮ್ಮನಿಗೆ ಯಾರೋ ಹೇಳಿದಾರೆ. ನಿಮ್ಮ ಗುಡ್ಡ ಸರಿ ಉಂಟಾ, ನೀವೆಲ್ಲ ಹುಷಾರಿದ್ದೀರಾ ಅಂತ ಕೇಳ್ತಿದಾರೆ.”

ಜಯಂತಿ ಫೋನಿನ ಹತ್ತಿರ ಬಾಗಿ, ಮನೆ ಮುಳುಗಿಸಿಕೊಂಡು ಏರಿಯ ಮೇಲೆ ಕುಳಿತಿದ್ದ ಆ ತಾಯಿಗೆ ಒಂದಕ್ಷರವೂ ತಿಳಿಯದ ನಮ್ಮ ಕನ್ನಡದಲ್ಲಿ, “ನಾವು ಹುಷಾರಿದ್ದೇವೆ ಅಮ್ಮಾ... ನಿಮ್ಮದು ಊಟ ಆಯ್ತಾ?” ಎಂದು ಕೂಗಿ ಕೇಳಿದಳು.