ಬೊಂಬಿನೊಳಗಿನ ಎಂಟು ಸೆಲ್ಲು

ಮೊನ್ನೆ ಹುಣಸೂರಿನಲ್ಲಿ ಮಗಳ ಪುಟ್ಟ ಕಾರಿಗೆ ಸ್ಟೀರಿಯೊ ಹಾಕಿಸಲು ಹೋಗಿದ್ದೆವು. ಅಂಗಡಿಯವನು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಕಾಲೆರಡನ್ನೂ ಬೀದಿಗೆ ಚಾಚಿಕೊಂಡು ತಂತಿಗೆ ಬೆಸುಗೆ ಹಾಕುತ್ತಿದ್ದ. ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದೆ. ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಕೆಳಗಿಟ್ಟೆ.

"ಇದಕ್ಕೆ ಕರೆಂಟು ಎಲ್ಲಿಂದಪ್ಪಾ?" ಎಂದು ಕೇಳಿದೆ.

"ಇನ್ನೆಲ್ಲಿಂದಮ್ಮಾ, ಕಾರಿನ ಬ್ಯಾಟ್ರಿಯಿಂದ್ಲೇ," ಎಂದು ಒಳಗಿನಿಂದ ನಕ್ಕ.

ಮಗಳೂ ನಕ್ಕಳು. ನೀವೂ ನಗಬಹುದು. ಆದರೆ ನಮ್ಮಜ್ಜಿ ಅಲ್ಲಿದ್ದಿದ್ದರೆ ಆ ತಂತಿಯನ್ನು ಅಲ್ಲೇ ಕಿತ್ತು ಅವನ ಕೈಗೆ ಕೊಡುತ್ತಿದ್ದಳು.

ಅಂತರಸಂತೆಯಿಂದಾಚೆ, ಕಾಕನಕೋಟೆ ಕಾಡಿನ ಅಂಚಿನಲ್ಲಿ ನಮ್ಮೂರು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜಿಗೆ ಉಬ್ಬಸ. ಚಳಿಗಾಲ ಬಂದು ಕಣದಲ್ಲಿ ರಾಗಿ ಒಕ್ಕಣೆಯ ಧೂಳು ಎದ್ದಿತೆಂದರೆ ಅವಳ ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಒಂದು ವರ್ಷ ಎತ್ತಿನ ಗಾಡಿಯಲ್ಲಿ ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆ ಸೇರುವಷ್ಟರಲ್ಲಿ ಮೈ ನೀಲಿಗಟ್ಟಿ, ಹೋದ ಜೀವ ವಾಪಸ್ಸು ಬಂದಿತ್ತು. ಅದನ್ನು ಕಣ್ಣಾರೆ ಕಂಡ ನಮ್ಮ ಚಿಕ್ಕಪ್ಪ ಪುಟ್ಟಸ್ವಾಮಿ, ಕೊಡಗಿನ ತೋಟದವರೊಬ್ಬರ ಹಳೇ ಇಂಗ್ಲಿಷ್ ಕಾರನ್ನು ಕೊಂಡು ತಂದ. ಊರವರು ಅದನ್ನು ಬೇಬಿ ಕಾರು ಎನ್ನುತ್ತಿದ್ದರು. ಅದು ಬಂದದ್ದೇ ಅಜ್ಜಿಯ ಉಸಿರಿಗಾಗಿ. ಹಾಗಾಗಿ ಅದರ ಬ್ಯಾಟರಿಯನ್ನು ಅವಳು ತನ್ನ ಎದೆಗೂಡಿನ ಒಂದು ಭಾಗ ಎಂದೇ ತಿಳಿದಿದ್ದಳು. ಮದುವೆ ಮನೆಯವರು ಮೈಕಿಗೆಂದು ಕೇಳಿಕೊಂಡು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದಳು.

ಚಿಕ್ಕಪ್ಪನಿಗೋ ಹಾಡಿನ ಹುಚ್ಚು. ಅರೇಬಿಯಾದಿಂದ ಬಂದಿದ್ದ ಮಾನಂದವಾಡಿಯ ಗೆಳೆಯನೊಬ್ಬನಿಂದ ಕಾರಿಗೆ ಹಾಕುವ ಕ್ಯಾಸೆಟ್ ಸ್ಟೀರಿಯೊ ತಂದುಬಿಟ್ಟ. ಜೊತೆಗೆ ಎರಡು ಸ್ಪೀಕರು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಲ್ಡು ಬಾಯಿ ಐತಲ್ಲೋ ಇದುಕ್ಕೆ. ಉಣ್ಣಾದು ಏನ?"

"ಬ್ಯಾಟ್ರಿ ಕರೆಂಟು ಕಣವ್ವಾ. ವಸಿ ಸಾಕು."

"ಬ್ಯಾಟ್ರಿ ಗಾಡೀಗೆ ಕಣ್ಲಾ, ಪದಕ್ಕಲ್ಲ. ತಂತಿ ಮುಟ್ಟಿಸ್ದೋ, ನಾನು ಆ ಗಾಡಿ ಅತ್ತಾಕಿಲ್ಲ. ಇಲ್ಲೇ ಸಾಯ್ತೀನಿ."

ಪದ ಎಂದರೆ ಅವಳ ಬಾಯಲ್ಲಿ ಹಾಡು; ಅವಳ ಮಾತೇ ಕಡೆಯದು. ಚಿಕ್ಕಪ್ಪನಿಗೆ ಇನ್ನೊಂದು ತೊಡಕೂ ಇತ್ತು. ಆ ಹಳೇ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸು ಕಾರಿನ ಮೈಗೆ ಸೇರಿತ್ತು. ಹೊಸ ಸ್ಟೀರಿಯೊ ಪೆಟ್ಟಿಗೆಯಲ್ಲಿ ಮೈಗೆ ಸೇರಿದ್ದು ಮೈನಸ್ಸು. ಎರಡೂ ತಾಗಿದರೆ ಭಗ್ ಎನ್ನುವುದು ಖಂಡಿತ. ಆದ್ದರಿಂದ ಪೆಟ್ಟಿಗೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಹಲಗೆಯ ಮೇಲೆ ಕೂರಿಸಿದ. ಕರೆಂಟಿಗೆ? ಕಾಡಿನ ಬೊಂಬಿನ ಉದ್ದನೆಯ ತುಂಡೊಂದನ್ನು ಗೆಣ್ಣು ಕೊರೆದು ಕೊಳವೆ ಮಾಡಿ, ಅದರೊಳಗೆ ಎಂಟು ಟಾರ್ಚ್ ಸೆಲ್ಲುಗಳನ್ನು ಒಂದರ ಹಿಂದೊಂದು ತುಂಬಿ, ಎರಡು ತುದಿಗೂ ತಗಡಿನ ಬಿಲ್ಲೆ ಒತ್ತಿ ತಂತಿಗೆ ಬೆಸುಗೆ ಹಾಕಿದ. ಎಂಟು ಸೆಲ್ಲು ಸೇರಿದರೆ ಕಾರಿನ ಬ್ಯಾಟರಿಯಷ್ಟೇ ವೋಲ್ಟು. ನಾನಾಗ ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದವಳು ಲೆಕ್ಕ ಸರಿಯಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟೆ. ನನ್ನ ಓದಿನಿಂದ ಊರಿಗೆ ಆದ ಉಪಕಾರ ಅಷ್ಟೇ.

ಆ ರಜೆಯಲ್ಲಿಯೇ ಅಜ್ಜಿಯ ಉಬ್ಬಸ ಕೆರಳಿತು. ಮಧ್ಯಾಹ್ನದ ಊಟಕ್ಕೆ ಕುಳಿತವಳು ಮುದ್ದೆ ಮುರಿಯಲಾರದೆ ಕೈ ಊರಿ ಕುಳಿತಳು. ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ನನಗೊರಗಿಸಿಕೊಂಡು ಕೂರಿಸಿದೆ. ಹೊಸದಾಗಿ ಸೆಲ್ಲು ತುಂಬಿದ್ದ ಬೊಂಬು ನಮ್ಮ ಕಾಲ ಕೆಳಗೆ ಉರುಳಾಡುತ್ತಿತ್ತು. ಊರು ದಾಟಿ ತೇಗದ ಪ್ಲಾಂಟೇಷನ್ ಹೊಕ್ಕೆವು. ರಸ್ತೆ ಎಂದರೆ ಬರೀ ಗುಂಡಿ. ಚಿಕ್ಕಪ್ಪ ನಿಧಾನವಾಗಿಯೇ ಇಳಿಸಿದ. ಆದರೂ ಒಂದು ಕಡೆ ಕಾರು ಎಗರಿ ಬಿತ್ತು. ಮುಂದೆ ಏನೋ ದಡಕ್ಕೆಂದಿತು. ಎಂಜಿನ್ ನಿಂತಿತು.

ಬಾನೆಟ್ ಎತ್ತಿದವನ ಮುಖ ನೋಡಿ ಕಿಟಕಿಯಿಂದ ಕತ್ತು ಚಾಚಿದೆ. ಬ್ಯಾಟರಿಯ ಕಟ್ಟು ಹರಿದು, ಮಗುಚಿ, ಅದರ ಮೈ ಸೀಳಿತ್ತು. ಆಸಿಡ್ಡು ಸೋರಿ ನೆಲದ ಮೇಲೆ ನೊರೆಯೇಳುತ್ತಿತ್ತು.

"ಪದ... ಬ್ಯಾಟ್ರಿ... ನೆಕ್ಬುಡ್ತಾ?" ಎಂದಳು ಅಜ್ಜಿ. ಒಂದು ಮಾತಿಗೆ ಎರಡು ಉಸಿರು.

"ಇಲ್ಲ ಕಣವ್ವಾ, ನಿನ್ನಾಣೆಗೂ ಮುಟ್ಟಿಸಿಲ್ಲ," ಎಂದ ಚಿಕ್ಕಪ್ಪನ ದನಿ ಒಡೆದಿತ್ತು.

ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ, ತಿರುಗಿಸಿದ. ಎಂಜಿನ್ ಕೆಮ್ಮಲೂ ಇಲ್ಲ. ಗಿರಿಜನರ ಹಾಡಿಯ ಇಬ್ಬರು ಹೆಂಗಸರು ಸೌದೆ ಹೊರೆ ಹೊತ್ತು ಬರುತ್ತಿದ್ದವರು ನಮ್ಮನ್ನು ಕಂಡು ಹೊರೆ ಇಳಿಸಿದರು. ಹಿರಿಯಳು ರಸ್ತೆಯ ಮೇಲಿನ ಹಸಿ ಲದ್ದಿ ತೋರಿಸಿ ದನಿ ತಗ್ಗಿಸಿದಳು.

"ಆನೆ ಈ ಬದೀಲೇ ಅವೆ ಕಣಣ್ಣಾ. ಬಿರ್ರನೆ ಒಂಟೋಗಿ."

ಅವರು ನೂಕಿದರು, ನಾನೂ ಇಳಿದು ನೂಕಿದೆ. ಕಾರು ಉರುಳಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಬಿದಿರ ಮೆಳೆಯೊಳಗೆ ಎಲ್ಲೋ ಲಟಕ್ಕೆಂದಿತು. ನಾವೆಲ್ಲ ಕಲ್ಲಾದೆವು. ಆ ಮೌನದಲ್ಲಿ ಕೇಳಿಸುತ್ತಿದ್ದುದು ಅಜ್ಜಿಯ ಎದೆಯ ಸಿಳ್ಳೆ ಒಂದೇ. ಅವಳ ತುಟಿಯ ಬಣ್ಣ ಬದಲಾಗುತ್ತಿತ್ತು. ನನಗೆ ಅಳು ಬಂತು. ಭೌತಶಾಸ್ತ್ರದ ಒಂದು ಸೂತ್ರವೂ ನೆನಪಿಗೆ ಬರಲಿಲ್ಲ.

"ಕಿಡಿ ಸಿಡಿಯಾಕೆ ಕರೆಂಟೇ ಇಲ್ದೆ ಏನ್ ನೂಕಿ ಏನು," ಎಂದು ಚಿಕ್ಕಪ್ಪ ಮಡ್‌ಗಾರ್ಡಿಗೆ ಹಣೆ ಚಚ್ಚಿಕೊಂಡ.

ನಮ್ಮಜ್ಜಿಯ ಒಂದು ಗುಣ ಹೇಳಬೇಕು. ಅವಳ ಮನೆಯಲ್ಲಿ ಯಾವ ವಸ್ತುವಿಗೂ ಒಂದೇ ಕೆಲಸ ಇರಲಿಲ್ಲ. ಒನಕೆ ಬಾಗಿಲ ಅಗುಳಿಯಾಗುತ್ತಿತ್ತು, ಹಳೇ ಸೀರೆ ತೊಟ್ಟಿಲಾಗುತ್ತಿತ್ತು, ತೊಟ್ಟಿಲು ಈರುಳ್ಳಿ ಬುಟ್ಟಿಯಾಗುತ್ತಿತ್ತು. ಆ ಹೊತ್ತಿನಲ್ಲೂ ಅವಳು ಕಾಲಿನಿಂದ ಬೊಂಬನ್ನು ತಳ್ಳಿದಳು.

"ಇದ್ರಿಂದ... ಪದ ಬತ್ತದಲ್ಲಾ... ಗಾಡೀಗೆ... ಬರಾಕಿಲ್ವಾ?"

"ಅವ್ವಾ, ಸುಮ್ಕಿರು. ಅದು ಟಾರ್ಚ್ ಸೆಲ್ಲು..." ಎಂದವನು ಅರ್ಧಕ್ಕೇ ನಿಂತ. ಕಣ್ಣು ದೊಡ್ಡದಾಯಿತು. ಎಂಜಿನ್ ತಿರುಗಿಸುವ ಶಕ್ತಿ ಆ ಸೆಲ್ಲಿಗೆಲ್ಲಿ? ಆದರೆ ತಿರುಗಿಸಲು ಅವನ ರಟ್ಟೆಯಿತ್ತು. ಬೇಕಾದದ್ದು ಕಿಡಿಯೊಂದೇ.

ಒಡೆದ ಬ್ಯಾಟರಿಯ ತಂತಿ ಕಳಚಿದ. ಸ್ಟೀರಿಯೊದ ತಂತಿಯನ್ನು ಹಲ್ಲಿನಿಂದಲೇ ಕಿತ್ತ. ಬೊಂಬಿನ ಪ್ಲಸ್ಸು ತುದಿಯನ್ನು ಕಾರಿನ ಮೈಗೆ, ಇನ್ನೊಂದನ್ನು ಕಿಡಿ ಹುಟ್ಟಿಸುವ ಕಾಯಿಲ್ಲಿಗೆ ಸುತ್ತಿದ. ಮತ್ತೆ ಹ್ಯಾಂಡಲ್ ಹಿಡಿದ. ಒಂದು ಸಲ ಏನಿಲ್ಲ. ಇನ್ನೊಂದು ಸಲ ಟುಸ್ಸೆಂದಿತು. ಮತ್ತೊಂದು ಸಲಕ್ಕೆ ಎಂಜಿನ್ ನಡುಗಿ, ಕೆಮ್ಮಿ, ಹಿಡಿದುಕೊಂಡಿತು. ಹೆಂಗಸರಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಆನೆಯ ಭಯಕ್ಕೆ ಸದ್ದಿಲ್ಲದೆ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ವೇಗ ಇದ್ದರೆ ಡೈನಮೋ ಕರೆಂಟು ಕೊಡುತ್ತದೆ. ನಿಧಾನವಾದರೆ ಭಾರವೆಲ್ಲ ಸೆಲ್ಲಿನ ಮೇಲೆ. ಎಲ್ಲಾದರೂ ಆರಿದರೆ ಸೆಲ್ಲಿನಲ್ಲಿ ಇನ್ನೊಂದು ಸಲಕ್ಕೆ ಉಳಿದಿರುತ್ತದೆಯೋ ಇಲ್ಲವೋ. ಹಾರನ್ನೂ ಒತ್ತುವಂತಿಲ್ಲ.

"ಹಾರನ್ ನೀನೇ ಕಣಮ್ಮಿ. ಕಿರುಚು!" ಎಂದ ಚಿಕ್ಕಪ್ಪ ನನಗೆ.

ಕಾಲೇಜಿನಲ್ಲಿ ಹಾಜರಿ ಕೂಗಿದರೆ ಓಗೊಡಲು ನಾಚುತ್ತಿದ್ದ ನಾನು, ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಾಗಿ, "ದಾರಿ ಬುಡ್ರಪ್ಪೋ! ದಾರಿ ಬುಡ್ರೋ!" ಎಂದು ಬೊಬ್ಬೆ ಹೊಡೆದೆ. ಅಂತರಸಂತೆಯಲ್ಲಿ ಕುರಿ ಮಂದೆ ಅಡ್ಡ ಬಂತು. ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿ ಹಿಡಿದೇ ಕ್ಲಚ್ಚು ತುಳಿದ. ಎಂಜಿನ್ ಆಕಾಶಕ್ಕೆ ಅರಚಿತು. ಕುರಿಯವನು ನಮ್ಮ ಮೂರು ತಲೆಮಾರನ್ನು ಬೈದ. ನನ್ನ ಒಂದು ಕೈ ಅಜ್ಜಿಯ ಎದೆಯ ಮೇಲೆಯೇ ಇತ್ತು. ಒಂದು ಕಿವಿ ಎಂಜಿನ್ನಿಗೆ, ಒಂದು ಕಿವಿ ಉಸಿರಿಗೆ. ಎರಡರಲ್ಲಿ ಯಾವುದು ಕೊಂಚ ಮುಗ್ಗರಿಸಿದರೂ ಕಿರುಚುವುದನ್ನೇ ಮರೆಯುತ್ತಿದ್ದೆ.

ಕೋಟೆ ಆಸ್ಪತ್ರೆಯ ಮೆಟ್ಟಿಲಿಗೇ ಕಾರು ತಂದು ನಿಲ್ಲಿಸಿದ. ಡಾಕ್ಟರಮ್ಮ ಓಡಿ ಬಂದು ಸೂಜಿ ಚುಚ್ಚಿದರು. ಸಂಜೆಯ ಹೊತ್ತಿಗೆ ಅಜ್ಜಿಯ ತುಟಿಗೆ ಬಣ್ಣ ಬಂತು. ಬಣ್ಣದ ಹಿಂದೆಯೇ ಬೈಗುಳವೂ ಬಂತು: "ಅದ್ಯಾಕ್ ಅಂಗ್ ಕಿರುಚ್ಕಂಡೇ? ಗಂಡು ಸಿಕ್ಕಾಕಿಲ್ಲ ಕಣೇ ನಿಂಗೆ!" ಚಿಕ್ಕಪ್ಪ ಗೋಡೆಗೊರಗಿ ಅಳುತ್ತಾ ನಗುತ್ತಿದ್ದ.

ಬೊಂಬು ಜೀವ ಉಳಿಸಿತಲ್ಲ, ಇನ್ನು ಹಾಡಿಗೆ ಅಡ್ಡಿಯಿಲ್ಲ ಎಂದುಕೊಂಡಿರಾ? ಅವನೂ ಹಾಗೇ ಅಂದುಕೊಂಡಿದ್ದ. ಅಜ್ಜಿ ಊರಿಗೆ ಬಂದವಳೇ ತನ್ನ ದುಡ್ಡಿನಲ್ಲಿ ಹೊಸ ಸೆಲ್ಲು ತರಿಸಿ, ಬೊಂಬಿಗೆ ತುಂಬಿಸಿ, ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಇದು ನನ್ ಉಸ್ರು ಕಣ್ಲಾ. ಪದಕ್ ಮುಟ್ಟಿಸ್ಬ್ಯಾಡ." ಕಾರು ಹತ್ತುವಾಗಲೆಲ್ಲ ಬೊಂಬು ಅವಳ ತೊಡೆಯ ಮೇಲೆ. ಪ್ರತಿ ಯುಗಾದಿಗೆ ಹೊಸ ಸೆಲ್ಲು. ಹಳೆಯದನ್ನು ಟಾರ್ಚಿಗೆ ಹಾಕುತ್ತಿದ್ದಳೇ ವಿನಾ ಅವನಿಗೆ ಕೊಡಲಿಲ್ಲ. ಎರಡು ಬಾಯಿಯ ಆ ಸ್ಟೀರಿಯೊ ಹಲಗೆಯ ಮೇಲೆ ಮೂಕವಾಗಿ ಕೂತೇ ಇತ್ತು.

ಆಮೇಲೆಷ್ಟೋ ವರ್ಷಕ್ಕೆ ಅಜ್ಜಿ ಹೋದಳು. ಉಬ್ಬಸದಿಂದಲ್ಲ, ನಿದ್ದೆಯಲ್ಲಿ. ತಿಥಿ ಮುಗಿದ ಮಾರನೆಯ ದಿನ ಚಿಕ್ಕಪ್ಪ ಟ್ರಂಕು ತೆರೆದು ಬೊಂಬು ತೆಗೆದ. ಕಾರಿನಲ್ಲಿ ಕುಳಿತು ತಂತಿ ಸೇರಿಸಿದ. ಸೆಲ್ಲು ಹೊಸದಾಗಿಯೇ ಇತ್ತು. ಎರಡು ಬಾಯಿಯಿಂದಲೂ ಹಾಡು ಹೊರಟಿತು. ನಾನು ಪಕ್ಕದಲ್ಲಿದ್ದೆ. ಒಂದು ಸಾಲು ಮುಗಿಯುವುದರೊಳಗೆ ತಂತಿ ಕಿತ್ತುಬಿಟ್ಟ. "ಸಾಕು ಬುಡು. ಅವ್ವ ಬಯ್ತಾಳೆ," ಎಂದ.

ಇದನ್ನೆಲ್ಲ ಅಂಗಡಿಯ ಮುಂದೆ ಮಗಳಿಗೆ ಹೇಳಿದೆ. ಕಾರಿನಲ್ಲಿ ಯಾರು ಹಾಡು ಹಾಕಿದರೂ ಸಣ್ಣಗೆ ಮಾಡಿ ಎನ್ನುವುದು ನನ್ನ ಅಭ್ಯಾಸ. ಅಮ್ಮನಿಗೆ ಸಂಗೀತ ಆಗುವುದಿಲ್ಲ ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ. ನಾನು ಇಷ್ಟು ವರ್ಷ ಹಾಡಿನ ಕೆಳಗೆ ಎಂಜಿನ್ನನ್ನು ಕೇಳಿಸಿಕೊಳ್ಳುತ್ತಿದ್ದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು.

ವಾಪಸ್ಸು ಬರುವಾಗ ಅವಳೇ ಕಾರು ಓಡಿಸಿದಳು. ಹಾಡು ಹಾಕಿ, ರೂಢಿಯಂತೆ ದನಿ ತಗ್ಗಿಸಲು ಕೈ ಚಾಚಿದಳು.

"ಇರಲಿ ಬಿಡು. ಜೋರು ಮಾಡು," ಎಂದೆ.

ಜೋರು ಮಾಡಿದಳು. ಎಂಜಿನ್ನಿನ ಸದ್ದು ಕೇಳಿಸಲಿಲ್ಲ. ಕೇಳಿಸದಿದ್ದರೂ ಕಾರು ಹೋಗುತ್ತಲೇ ಇತ್ತು.